ಅಪ್ಪನ ಮೂಗು

ಫೆಬ್ರುವರಿ ೯, ಭಾನುವಾರ

ನಮ್ಮ ಸಾಕೆ ಅಕ್ಕಿಮದ್ಯದ ಕಾರ್ಖಾನೆ ನೋಡಲು ಬಂದವರಿಗೆ ರುಚಿ ತೋರಿಸಲು ಹೊಸ ಬಾಟಲಿ ತೆರೆದು, ಮೊದಲು ಅಪ್ಪನ ಬಟ್ಟಲಿಗೆ ಸುರಿದೆ. ಅಪ್ಪ ಕುಡಿದವರೇ, “ಈ ವರ್ಷದ್ದು ಭೇಷಾಗಿದೆ!” ಎಂದರು. ನನ್ನ ಮೂಗಿಗೆ ಮುಗ್ಗಲು ವಾಸನೆ ಬಡಿಯಿತು. ಕೈಜಾರಿದಂತೆ ನಟಿಸಿ ಬಾಟಲಿ ಒಡೆದೆ.

“ಚಿಗುಸಾ, ಕಣ್ಣು ಎಲ್ಲಿಟ್ಟಿದ್ದೆ?” ಎಂದು ಅಪ್ಪ ರೇಗಿದರು.

ಅವರೆಲ್ಲ ಹೋದ ಮೇಲೆ ಹೇಳಿದೆ: “ಅಪ್ಪಾ, ಅದು ಕೆಟ್ಟಿತ್ತು.”

ಅಪ್ಪ ಬಿಳಿಚಿಕೊಂಡರು. “ಯಾರ್ಗೂ ಹೇಳ್ಬೇಡ ಕಣೆ. ಹೊಸ ವರ್ಷದಲ್ಲಿ ಜ್ವರ ಬಂತಲ್ಲ, ಆವತ್ತಿಂದ ನಂಗೆ ಯಾವ ವಾಸನೆನೂ ಬರ್ತಿಲ್ಲ.”

ಹಾಗಾದರೆ ತೊಟ್ಟಿಗಳಲ್ಲಿ ಹುದುಗು ಬರುತ್ತಿರುವ ಮದ್ಯವನ್ನೆಲ್ಲ ಇಷ್ಟು ದಿನ ಬರೀ ಊಹೆಯ ಮೇಲೆ ಸರಿಯಿದೆ ಎನ್ನುತ್ತಿದ್ದರು. ನಾಳೆ ಬೆಳಿಗ್ಗೆ ನಾನೇ ಹತ್ತಿ ಒಂದೊಂದನ್ನೂ ಮೂಸಿ ನೋಡಬೇಕು. ಏಣಿಯನ್ನು ಅಪ್ಪ ಹಿಡಿದುಕೊಳ್ಳುತ್ತಾರಂತೆ. ಕೆಳಗಿನಿಂದ ನನ್ನ ಮುಖವನ್ನೇ ನೋಡುತ್ತಿರುತ್ತಾರೆ. ಒಂದು ತೊಟ್ಟಿ ಕೆಟ್ಟಿದ್ದರೂ ಆಗ ನಾನು ಅದನ್ನು ಮುಖದಲ್ಲಿ ತೋರಿಸಿಕೊಳ್ಳದೆ ಹೇಗಿರಲಿ?