ಅಮ್ಮನ ಗಡಿಗೆ

ಕಾರವಾರ, ಭಾನುವಾರ

ಹೀರಕ್ಕಾ,

ಉಳಿದ ಸಾಮಾನು ಒಯ್ಯಲು ಅತ್ತೆಯ ಡ್ರೈವರ್ ಮಂಜಗುಣಿಗೆ ಬರುತ್ತಿದ್ದಾರೆ. ಅಪ್ಪ ಅಮ್ಮ ತೀರಿಕೊಂಡಾಗಿನಿಂದ ನಮ್ಮ ಮನೆಯ ಬೀಗದ ಕೈ ನಿಮ್ಮ ಮನೆಯಲ್ಲೇ ಇದೆಯಲ್ಲ. ಅವರ ಬಟ್ಟೆ ಮಾತ್ರ ಸದ್ಯ ಅಲ್ಲೇ ಇರಲಿ. ಫೋನಿನಲ್ಲಿ ನಿನ್ನ ದನಿ ಕೇಳಿದರೆ ಈಗಲೇ ಊರಿಗೆ ಬಂದುಬಿಡಬೇಕೆನಿಸುತ್ತದೆ, ಅದಕ್ಕೇ ಈ ಚೀಟಿ.

ಇಲ್ಲಿ ನನಗೆ ಬೇರೆ ಕೋಣೆ, ಎ.ಸಿ. ಎಲ್ಲ ಇದೆ. ಆದರೆ ಉಳಿದ ಸಾರನ್ನು ರಾತ್ರಿಯೇ ಚೆಲ್ಲಿಬಿಡುತ್ತಾರೆ. ಮೊನ್ನೆ ಬಂಗಡೆ ಸಾರು ಬಚ್ಚಿಟ್ಟುಕೊಂಡು, ಬೆಳಿಗ್ಗೆ ಬಿಸಿ ಮಾಡಿ ಗಂಜಿಯ ಜೊತೆ ಉಣ್ಣುವಾಗ ಅತ್ತೆ ಬಂದರು. ಬೈಯುತ್ತಾರೆಂದು ತಟ್ಟೆಗೆ ಕೈ ಅಡ್ಡ ಹಿಡಿದೆ. ಅವರು ನನ್ನ ಪಕ್ಕ ನೆಲದ ಮೇಲೇ ಕೂತರು.

"ಸಣ್ಣಿದ್ದಾಗ ಗಡಿಗೆ ತಳದ್ದೆಲ್ಲ ನಿನ್ನಪ್ಪನೇ ಬಳ್ಕಂಡು ತಿಂತಿದ್ದ. ನಂಗೆ ಬಿಡ್ತಿರ್ಲಿಲ್ಲ" ಎಂದು ನನ್ನ ತಟ್ಟೆಗೇ ಕೈ ಹಾಕಿದರು.

ಸ್ಟೀಲ್ ಪಾತ್ರೆಯಲ್ಲಿ ಆ ರುಚಿ ಬರುವುದಿಲ್ಲ. ಅಮ್ಮನ ಮಣ್ಣಿನ ಗಡಿಗೆ ಕಳಿಸು. ಚಿಕ್ಕದು ನಮ್ಮಿಬ್ಬರಿಗೆ ಸಾಲದು, ದೊಡ್ಡದೇ ಇರಲಿ.

ನಿನ್ನ
ನೀತಾ