ಶುಕ್ರವಾರದ ಬಿಸಿನೀರು

12 ನವೆಂಬರ್ 2003, ಬುಧವಾರ. ಬೆಳಿಗ್ಗೆ 5.20

ಮೀಟರ್ ಓದಿದೆ. ನಿನ್ನೆಯಿಂದ ಹದಿನಾರು ಯೂನಿಟ್. ಐದು ಹುಡುಗಿಯರು, ನಾನು—ಆರು ಸ್ನಾನ. ಹದಿನಾರರಲ್ಲಿ ಹನ್ನೆರಡು ಗೀಸರಿಗೇ ಹೋಗುತ್ತಿದೆ. 1984ರಲ್ಲಿ ನಮ್ಮವರು ಹಾಕಿಸಿದ್ದು. ಕಾಯಿಲ್ ಮೂರು ಸಲ ಬದಲಾಯಿತು, ಈಗ ತಳ ಸೋರುತ್ತಿದೆ.

ಪ್ಲಂಬರ್ ಪುಟ್ಟಣ್ಣ ನೋಡಿ ಹೇಳಿದ: "ಇದಕ್ಕೆ ಇನ್ನೊಂದು ಕಾಯಿಲ್ ಹಾಕೋದು, ಹಲ್ಲಿಲ್ದೋರ್ಗೆ ಚಕ್ಲಿ ಕೊಟ್ಟಂಗೆ ಕಣಮ್ಮ."

ತಿಂಗಳ ಕರೆಂಟ್ ಬಿಲ್ 1,840.

16 ನವೆಂಬರ್, ಭಾನುವಾರ

ಮೈದುನ ಪ್ರಭುಸ್ವಾಮಿ ಬಂದಿದ್ದ. ಕೃಷ್ಣಮೂರ್ತಿಪುರಂನ ಈ ಮನೆ ನಮ್ಮಿಬ್ಬರ ಹೆಸರಿನಲ್ಲಿದೆ. ನಮ್ಮವರು ತೀರಿಕೊಂಡ ಮೇಲೆ ರೂಮುಗಳನ್ನು ಹೆಬ್ಬಾಳದ ಫ್ಯಾಕ್ಟರಿ ಹುಡುಗಿಯರಿಗೆ ಬಾಡಿಗೆಗೆ ಕೊಟ್ಟಿದ್ದೇನೆ.

"ಐದು ಜನರ ಬಾಡಿಗೆ ತಗೊಂಡು ಕೈಗೆ ಸಾವಿರ ಉಳಿಸ್ಕೋತಿದ್ದೀರಿ ಅತ್ತಿಗೆ. ಟ್ಯುಟೋರಿಯಲ್‌ನೋರು ಇಡೀ ಮನೆ ಕೇಳ್ತಿದಾರೆ. ನೀವು ನಮ್ಮನೆಗೇ ಬಂದ್ಬುಡಿ. ಹಿಂದಿನ ರೂಮು ಖಾಲಿ ಇದೆ."

ಪ್ರೀತಿಯಿಂದಲೇ ಹೇಳಿದ. ಅದೇ ಕಷ್ಟ.

"ತಿಂಗಳಿಗೆ ಎಷ್ಟು ಉಳಿದರೆ ಈ ಮಾತು ಬಿಡ್ತೀಯ?"

"ಸಾವಿರದ ಒಂಬೈನೂರು. ಯುಗಾದಿ ಒಳಗೆ."

ಒಪ್ಪಿದೆ. ಆ ಹಿಂದಿನ ರೂಮಿಗೆ ಹೋಗುವುದಿಲ್ಲ.

ಮಲಗುವ ಮುನ್ನ ಓದುತ್ತಿರುವುದು ಒಂದು ರಷ್ಯನ್ ಕಾದಂಬರಿಯ ಅನುವಾದ. ಎಲ್ಲರೂ ಒಲೆಯ ಪಕ್ಕ ಮಲಗುತ್ತಾರೆ. ಸೌದೆಗೆ ಎಷ್ಟಾಯಿತೆಂದು ಯಾರೂ ಹೇಳುವುದಿಲ್ಲ.

21 ನವೆಂಬರ್

ಬ್ಯಾಂಕಿಗೆ ಹೋಗಿದ್ದೆ. ನೀರು ಕಾಯಿಸುವ ಸೋಲಾರ್‌ಗೆ ಕಡಿಮೆ ಬಡ್ಡಿಯ ಸಾಲ ಇದೆ. ತಿಂಗಳ ಕಂತು 453.

ಎಷ್ಟು ಲೀಟರಿನದು ಎಂದು ಕೇಳಿದರು. ಲೆಕ್ಕ ಮಾಡಿಕೊಂಡೇ ಹೋಗಿದ್ದೆ. ಒಬ್ಬರಿಗೆ ಇಪ್ಪತ್ತು ಲೀಟರ್, ತಲೆಗೆ ಸ್ನಾನವಾದರೆ ನಲವತ್ತು. ಇಡೀ ವಾರದ್ದು ಕೂಡಿಸಿ ಏಳರಿಂದ ಭಾಗಿಸಿದೆ. ದಿನಕ್ಕೆ 137. ನೂರೈವತ್ತರ ಟ್ಯಾಂಕ್ ಸಾಕು. ಇನ್ನೂರರದ್ದಕ್ಕಿಂತ ಆರು ಸಾವಿರ ಕಡಿಮೆ.

8 ಡಿಸೆಂಬರ್, ಸೋಮವಾರ

ಸೋಲಾರ್ ಮಹಡಿ ಮೇಲೆ ಬಂತು. ಸಂಜೆ ನಲ್ಲಿ ತಿರುಗಿಸಿದರೆ ಕೈ ಸುಡುವಷ್ಟು ಬಿಸಿ. ಹಳೆಯ ಗೀಸರ್ ಬಿಚ್ಚುವುದೇ ಎಂದು ಕೇಳಿದೆ. "ಮೋಡದ ದಿನಕ್ಕೆ ಇರ್ಲಿ ಬುಡಿ," ಎಂದ ಪುಟ್ಟಣ್ಣ. ಬಿಟ್ಟೆ.

12 ಡಿಸೆಂಬರ್, ಶುಕ್ರವಾರ. ಬೆಳಿಗ್ಗೆ 7.10

ಬಚ್ಚಲಿನಿಂದ ಕೂಗು, ಐವರಲ್ಲಿ ಒಬ್ಬಳಾದ ಪುಟ್ಟತಾಯಿಯದು. ತಲೆ ತುಂಬ ಸೀಗೆಪುಡಿ, ನಲ್ಲಿಯಲ್ಲಿ ತಣ್ಣೀರು.

"ಇದೆಂಗೆ ಆಂಟಿ, ಸೂರ್ಯ ಅರ್ಧ ತಲೆಗೇ ಬೆನ್ನು ತಿರುಗಿಸ್ಬುಟ್ಟ?"

ಆಗ ಹೊಳೆಯಿತು. ಐವರೂ ತಲೆಗೆ ನೀರು ಹಾಕಿಕೊಳ್ಳುವುದು ಶುಕ್ರವಾರವೇ. ಅವತ್ತು ಬೇಕಾದದ್ದು 220. ಶುಕ್ರವಾರವನ್ನು ಯಾರಾದರೂ ಏಳರಿಂದ ಭಾಗಿಸುತ್ತಾರೆಯೇ... ನಾನು ಭಾಗಿಸಿದ್ದೆ.

ಗೀಸರ್ ಹಾಕಿಕೊಟ್ಟೆ. ಇವತ್ತಿಗೆ ಮಾತ್ರ.

13 ಜನವರಿ 2004, ಮಂಗಳವಾರ

ಬಿಲ್ 1,310. ಇವತ್ತಿಗೆ ಮಾತ್ರ ಎಂದದ್ದು ದಿನದ ರೂಢಿಯಾಗಿದೆ. ಒಬ್ಬಳು ಹಾಕುತ್ತಾಳೆ, ಆರಿಸುವವರಿಲ್ಲ.

ಪ್ರಭು ಬಿಲ್ ನೋಡಿ ನಕ್ಕ. "ಸೂರ್ಯನಿಗೂ ಸಂಬಳ, ಕರೆಂಟಿಗೂ ಸಂಬಳ. ಚೆನ್ನಾಗಿದೆ ಅತ್ತಿಗೆ."

ಕಂತು ಬೇರೆ. ಉಳಿದದ್ದು ಮೊದಲಿಗಿಂತ ಎಪ್ಪತ್ತೇಳು ರೂಪಾಯಿ ಹೆಚ್ಚು, ಅಷ್ಟೆ.

14 ಜನವರಿ

ಪುಟ್ಟಣ್ಣನನ್ನು ಕರೆಸಿ ಗೀಸರ್ ಬಿಚ್ಚಿಸಿದೆ. ಗುಜರಿಗೆ ಕೊಟ್ಟೆ. ಗೋಡೆಯಲ್ಲಿ ಚೌಕಾಕಾರದ ಬಿಳಿ ಕಲೆ ಉಳಿದಿದೆ.

ಸಂಜೆ ಐವರನ್ನೂ ಕೂರಿಸಿದೆ. ತಪ್ಪು ನನ್ನದು ಎಂದೆ. ಇನ್ನು ದಿನಕ್ಕೆ ಒಬ್ಬರು ಮಾತ್ರ ತಲೆಗೆ ಹಾಕಿಕೊಳ್ಳುವುದು—ಆಗ ಯಾವ ದಿನವೂ 140 ದಾಟುವುದಿಲ್ಲ. ಸೋಮವಾರ ನನ್ನದು. ಶುಕ್ರವಾರ ಸರದಿಯ ಮೇಲೆ ಒಬ್ಬೊಬ್ಬರಿಗೆ.

ಪುಟ್ಟತಾಯಿ ಎದ್ದು ನಿಂತಳು. "ಎಲ್ರಿಗೂ ವಾರಕ್ಕೊಂದು ಶುಕ್ರವಾರ. ನಂಗೆ ಐದು ವಾರಕ್ಕೊಂದಾ? ನಮ್ಮವ್ವ ಕೇಳಿದ್ರೆ ಏನಂತೀನಿ?"

"ಬುಡೇ, ಲಕ್ಷ್ಮಿ ಬಂದು ನಿನ್ ತಲೆ ಮೂಸಿ ನೋಡ್ತಾಳಾ?" ಎಂದಳು ಮಾನಸ. ಅವಳದು ಮೊದಲ ಶಿಫ್ಟ್, ಐದಕ್ಕೆಲ್ಲ ಬಸ್ಸು ಹಿಡಿಯಬೇಕು. ಅವಳೇ ಮೊದಲು ಗುರುವಾರ ತೆಗೆದುಕೊಂಡಳು.

ಪುಟ್ಟತಾಯಿ ನಗಲಿಲ್ಲ.

25 ಜನವರಿ, ಭಾನುವಾರ

ಪುಟ್ಟತಾಯಿ ಟ್ರಂಕು ಎತ್ತಿಕೊಂಡು ಹೋದಳು. ಮೇಟಗಳ್ಳಿಯಲ್ಲಿ ಬೇರೆ ಮನೆ ಸಿಕ್ಕಿದೆಯಂತೆ. ಅವಳ ಬಾಡಿಗೆ, ತಿಂಗಳಿಗೆ ಏಳುನೂರು ರೂಪಾಯಿ, ಹೋಯಿತು. ಈ ಹಾಸಿಗೆ ತುಂಬದಿದ್ದರೆ ಬಿಲ್ ಎಷ್ಟೇ ಇಳಿದರೂ ಸಾವಿರದ ಒಂಬೈನೂರರ ಗೆರೆ ಮುಟ್ಟುವುದಿಲ್ಲ.

ಗೀಸರ್ ಮತ್ತೆ ತರಿಸಿ ಎಂದು ಉಳಿದವರು ಯಾರೂ ಕೇಳಲಿಲ್ಲ. ಕೇಳಿದ್ದರೂ ತರಿಸುತ್ತಿರಲಿಲ್ಲ.

22 ಫೆಬ್ರವರಿ, ಭಾನುವಾರ. ಮಧ್ಯಾಹ್ನ

ಇಬ್ಬರು ಬಂದು ರೂಮು ನೋಡಿದರು. ಬಚ್ಚಲಿನ ಬಾಗಿಲ ಮೇಲಿನ ಸರದಿ ಪಟ್ಟಿ ಓದಿ ಹೊರಟುಹೋದರು. ಪಟ್ಟಿ ತೆಗೆಯಲಿಲ್ಲ.

ಎರಡೂವರೆಗೆ ಗೇಟಿನ ಸದ್ದು. ಪುಟ್ಟತಾಯಿ, ಅದೇ ಟ್ರಂಕು.

"ಅಲ್ಲಿ ಬಿಸಿನೀರು ಬಕೆಟ್ಟಿಗೆ ಎರಡು ರೂಪಾಯಿ ಆಂಟಿ. ಆವಮ್ಮ ಬಚ್ಚಲ ಬಾಗ್ಲಲ್ಲೇ ಚೀಲ ಹಿಡ್ಕೊಂಡು ಕೂತಿರ್ತಾಳೆ. ಶುಕ್ರವಾರ ಬಂದ್ರೆ ಮೂರು."

ಅವಳೇ ಮತ್ತೆ: "ನನ್ ಮಂಚ ಇದ್ಯಾ?"

"ಇದೆ. ನಿನಗೆ ಬುಧವಾರ."

ತಲೆ ಕೆರೆದುಕೊಂಡಳು. "ಬುಧವಾರನೇ ಆಗ್ಲಿ."

15 ಮಾರ್ಚ್, ಸೋಮವಾರ

ಬಿಲ್ 512.

ಬಾಡಿಗೆ 3,500. ಕಂತು 453. ನೀರು, ಕಂದಾಯ, ಕಸ ಗುಡಿಸುವವರಿಗೆ 600. ಮೂರು ಸಲ ಕಳೆದು ನೋಡಿದೆ. ಉಳಿಯುವುದು 1,935.

20 ಮಾರ್ಚ್, ಶನಿವಾರ

ನಾಳೆ ಯುಗಾದಿ. ಹುಡುಗಿಯರು ಊರಿಗೆ ಹೋಗಿದ್ದಾರೆ. ಪ್ರಭು ಟ್ಯುಟೋರಿಯಲ್‌ನವರ ಕರಾರುಪತ್ರ ಹಿಡಿದುಕೊಂಡೇ ಬಂದ. ಬಿಲ್ ಕೊಟ್ಟೆ. ಎರಡು ಸಲ ಓದಿದ. ಹೊರಗೆ ಹೋಗಿ ಮೀಟರ್ ನೋಡಿಕೊಂಡು ಬಂದ.

"ಓಡ್ತಾ ಇದೆ," ಎಂದ.

"ನಿಲ್ಲಿಸಿದ್ದೀನಿ ಅಂದ್ಕೊಂಡ್ಯಾ?"

"ಇನ್ನೊಂದು ತಿಂಗಳು ನೋಡೋಣ ಅತ್ತಿಗೆ. ಮಳೆಗಾಲ ಬೇರೆ ಬರುತ್ತೆ."

"ಮಳೆಗಾಲದಲ್ಲಿ ನಾಲ್ಕು ದಿನ ಸ್ಟೌ ಹಚ್ತೀವಿ. ಮಾತು ಆಗಿದ್ದು ಯುಗಾದಿವರೆಗೆ. ಅವರಿಗೆ ಇಲ್ಲಿಂದಲೇ ಫೋನ್ ಮಾಡು."

ನನ್ನ ಮುಖ ನೋಡಿದ. ಕರಾರುಪತ್ರ ಮಡಿಸಿ ಜೇಬಿಗಿಟ್ಟುಕೊಂಡು ಫೋನ್ ಮಾಡಿದ. ಆ ಕಡೆಯವರು ಬಹಳ ಹೊತ್ತು ಏನೋ ಕೇಳುತ್ತಿದ್ದರು.

"ಇಲ್ಲ ಕಣ್ರೀ, ಮನೆ ಖಾಲಿ ಆಗಲ್ಲ," ಎಂದ ಇವನು. "ನಮ್ಮತ್ತಿಗೆ ಇದಾರೆ ಅಲ್ಲಿ."

ಕಾಫಿ ಮಾಡುತ್ತೇನೆಂದು ಒಳಗೆ ಬಂದೆ. ಎರಡು ಲೋಟಕ್ಕೆ ಬಗ್ಗಿಸಿ ಹೊರಗೆ ತಂದೆ.