ಮಾಶಾಬಿಯ ಡಬ್ಬಿಯೊಳಗಿನ ನಂಬರ್

ಅಕ್ಟೋಬರ್ 21, ಬೆಳಿಗ್ಗೆ 8

ಗೋವಾದ ಚಿಂಬಲ್‌ನ ಮಹಾಜನರೇ, ಗುಡ್ಡದ ಮೇಲಿನವರೇ, ಕೆಳಗಿನವರೇ, ಕೂತವರೇ, ನಿಂತವರೇ — ಇತ್ತ ಕೇಳಿ. ಈ ಚನ್ನಬಸಯ್ಯನ ಕಂಪ್ಯೂಟರ್ ಸತ್ತಿದೆ.

ಕೇಳುವವರು ಯಾರೂ ಇಲ್ಲ. ಅಂಗಡಿಯಲ್ಲಿ ನಾನೊಬ್ಬನೇ. ಆದರೂ ಹೀಗೆ ಶುರುಮಾಡದೆ ಕೈ ಓಡುವುದಿಲ್ಲ. ಅಪ್ಪನ ನಾಟಕ ಕಂಪನಿಯಲ್ಲಿ ಬೆಳೆದ ಚಾಳಿ.

ಬಾಗಿಲು ತೆರೆದೆ, ಕಸ ಹೊಡೆದೆ, ಊದುಬತ್ತಿ ಹಚ್ಚಿದೆ, ಸ್ವಿಚ್ ಒತ್ತಿದೆ. ಕಪ್ಪು ತೆರೆ. ಅಷ್ಟೇ. ವಿಂಡೋಸ್ ಮತ್ತೆ ಹಾಕಬೇಕು. ಅಲ್ಲಿಯವರೆಗೆ ಟೈಪಿಂಗ್ ಬಂದ್.

ಪಕ್ಕದ ಓಣಿಯ ಮಾಶಾಬಿಯ ಹತ್ತಿರ ವಿಂಡೋಸ್ ಡಿಸ್ಕ್ ಇದೆ. ಪಣಜಿಯ ಬಿಲ್ಡಿಂಗ್ ಕೆಲಸಕ್ಕೆ ಹೋಗುವವರ ಲೇಬರ್ ಕಾರ್ಡ್ ಫಾರ್ಮ್ ತುಂಬಿಕೊಡುವವಳು. ನಮ್ಮಿಬ್ಬರಿಗೂ ಕಂಪ್ಯೂಟರ್ ಮಾರಿದ ಮೋತಿಲಾಲನ ಅಂಗಡಿಯಲ್ಲಿ ಕಂಪ್ಯೂಟರ್ ಜೊತೆಗೇ ಕೊಂಡ ಡಿಸ್ಕಿನ ಡಬ್ಬಿ. ಕೇಳಿದ ಕೂಡಲೇ ಕೊಟ್ಟಳು.

"ಒಯ್ರಿ ಅಯ್ಯಾರ. ಡಿಸ್ಕ್ ಯಾರ್ದರೆ ಇರಲಿ, ನಡೀತೈತಂತ. ನಂಬರ್ ಮಾತ್ರ ಅವರವರ ಮಷಿನ್ದ ಹಾಕಬೇಕಂತ. ಮೋತಿಲಾಲಣ್ಣ ಹೇಳ್ಯಾನ."

"ನನಗ ಹೇಳಾಕ ಬರ್ತಿಯೇನವಾ? ನಂದು ಸಿಪಿಯು ಬೆನ್ನಿಗೇ ಅಂಟಿಸ್ಯಾರ" ಎಂದೆ.

ಅಕ್ಟೋಬರ್ 22, ಮಧ್ಯಾಹ್ನ

ಚೀಟಿ ಇದೆ. ನಂಬರ್ ಇಲ್ಲ.

ಎಂಟು ಖಂಡೇನವಮಿಯ ಆಯುಧಪೂಜೆಗೆ ಆ ಚೀಟಿಯ ಮೇಲೇ ವಿಭೂತಿ ಎಳೆದಿದ್ದೇನೆ, ಕುಂಕುಮ ಇಟ್ಟಿದ್ದೇನೆ, ಮರುದಿನ ಒದ್ದೆ ಬಟ್ಟೆಯಿಂದ ಉಜ್ಜಿದ್ದೇನೆ. ಇಪ್ಪತ್ತೈದು ಅಕ್ಷರಗಳಲ್ಲಿ ಉಳಿದದ್ದು ಒಂದು ಕ್ಯೂ, ಅರ್ಧ ಎಂಟು. ಹೋದ ವರ್ಷವೇ ಮೋತಿಲಾಲ ಹೇಳಿದ್ದ — "ಅಯ್ಯಾರ, ಆ ಚೀಟಿ ಮ್ಯಾಲ ಇಬತ್ತಿ ಬ್ಯಾಡ್ರಿ. ಅದ ಆ ಮಷಿನ್ ಹಕ್ಕುಪತ್ರ." ಪೂಜೆಯ ವಿಷಯ ನನಗೆ ಕಲಿಸಬೇಡ ಎಂದು ನಕ್ಕಿದ್ದೆ. ಈಗ ಅವನ ಮುಂದೆ ಹೋಗಿ ಹೊಸ ನಂಬರ್ ಕೇಳುವುದೇ?

ಮಾಶಾಬಿಯ ಡಬ್ಬಿಯಲ್ಲಿ ಒಂದು ಕಾರ್ಡ್. ಕಾರ್ಡಿನ ಮೇಲೆ ಅವಳ ನಂಬರ್.

ಅಪ್ಪನ ಕಂಪನಿಯಲ್ಲಿ ಒಂದೇ ಕಿರೀಟ ಮೂವರು ರಾಜರ ತಲೆ ಏರುತ್ತಿತ್ತು, ಇದೂ ಹಾಗೇ ಅಂದುಕೊಂಡೆ. ಟೈಪ್ ಮಾಡಿದೆ. ಒಪ್ಪಲಿಲ್ಲ, ಫೋನ್ ಮಾಡಿ ಎಂದಿತು. ಮಾಡಿದೆ. ರೆಕಾರ್ಡ್ ಮಾಡಿಟ್ಟ ಹೆಣ್ಣುದನಿ ಕೇಳಿತು — ಈ ಪ್ರತಿಯನ್ನು ಎಷ್ಟು ಕಂಪ್ಯೂಟರ್‌ಗಳಲ್ಲಿ ಹಾಕಿದ್ದೀರಿ?

ಒಂದರ ಗುಂಡಿ ಒತ್ತಿದೆ.

ದನಿ ಹೇಳಿದ ಅಂಕಿಗಳನ್ನು ಟೈಪ್ ಮಾಡಿದೆ. ಕಂಪ್ಯೂಟರ್ ಎದ್ದಿತು.

ನವೆಂಬರ್ 19

ಇಪ್ಪತ್ತೆಂಟು ದಿನ ಬರೆದಿಲ್ಲ. ಬರೆಯುವಂಥದ್ದೇನೂ... ಸುಳ್ಳು. ಬರೆಯಲು ಮುಖವಿರಲಿಲ್ಲ.

ಮಾಶಾಬಿಯ ಹಾರ್ಡ್‌ಡಿಸ್ಕ್ ಹೋಯಿತು. ಮೋತಿಲಾಲ ಹೊಸದು ಕೂರಿಸಿ, ಅವಳದೇ ಡಿಸ್ಕ್, ಅವಳದೇ ನಂಬರ್ ಹಾಕಿದ. ಈ ನಂಬರ್ ಬೇರೆ ಕಂಪ್ಯೂಟರ್‌ನಲ್ಲಿದೆ ಎಂದು ತೆರೆಯ ಮೇಲೆ ಬಂತಂತೆ. ಡುಪ್ಲಿಕೇಟ್ ಮಾಲು ಮಾರಿದ್ದಾನೆ ಎಂದು ಓಣಿ ತುಂಬ ಸುದ್ದಿ.

ನಮ್ಮ ಕನ್ನಡ ಶಾಲೆಗೆ ಹತ್ತು ಕಂಪ್ಯೂಟರ್ ಕೊಡುವ ಕೆಲಸ ಮೋತಿಲಾಲನಿಗೇ ಎಂದು ಕಮಿಟಿಯಲ್ಲಿ ಮಾತಾಗಿತ್ತು. ಕಮಿಟಿಯಲ್ಲಿ ನಾನೂ ಇದ್ದೇನೆ.

ನವೆಂಬರ್ 21, ಸಂಜೆ

ಮಾಶಾಬಿ ಬಂದಳು. "ಮೋತಿಲಾಲಣ್ಣನ ಅಂಗಡಿಗೆ ನೀವು ಬರ್ರಿ ಅಯ್ಯಾರ. ನಾ ಹೇಳಿದ್ರ ಹೆಣಮಗಳು ಒದರಾಕತ್ತಾಳ ಅಂತಾರ. ನಿಮ್ಮ ದನಿಗೆ ಅಂವ ಬಗ್ತಾನ."

ಹೋದೆ. ಯಾಕೆ ಹೋದೆನೋ. ಮೋತಿಲಾಲನ ಅಂಗಡಿ ಮೆಟ್ಟಿಲ ಮೇಲೆ ನಿಂತೆ. ಜನ ಕೂಡಿದರು. ಜನ ಕೂಡಿದರೆ ನನ್ನ ಎದೆ ತಾನಾಗಿಯೇ ಉಬ್ಬುತ್ತದೆ. ವಿಶ್ವಾಸ ಹೋದ ಅಂಗಡಿ ಎಣ್ಣೆ ತೀರಿದ ದೀಪ ಎಂದೆ. ಬಡ ಹೆಣ್ಣಿನ ಅನ್ನಕ್ಕೆ ಕೈ ಹಾಕಿದವರನ್ನು ಈ ಓಣಿ ಕ್ಷಮಿಸದು ಎಂದೆ. ಯಾರೋ ಚಪ್ಪಾಳೆ ತಟ್ಟಿದರು.

ಮೋತಿಲಾಲ ದನಿ ಏರಿಸಲಿಲ್ಲ. "ಮಾಶಾಬಿ, ಡಬ್ಬಿ ಯಾರ ಕೈಯಾಗರೆ ಕೊಟ್ಟಿದ್ದೇನವಾ?"

"ಅಯ್ಯಾರಿಗೆ ಅಷ್ಟ. ಅವ್ರು ಬರೇ ಡಿಸ್ಕ್ ಬಳಸ್ಯಾರ. ಹೌದಿಲ್ರಿ?"

ಎಲ್ಲರೂ ನನ್ನ ಕಡೆ ತಿರುಗಿದರು.

"ಹೌದು. ಬರೇ ಡಿಸ್ಕ್" ಎಂದೆ.

"ಅಯ್ಯಾರು ಅಂದ ಮ್ಯಾಲ ಮುಗೀತು ಬಿಡ್ರಿ" ಎಂದ ಮೋತಿಲಾಲ. ಗೊತ್ತಾಗಿ ಅಂದನೋ, ನಂಬಿ ಅಂದನೋ. ನಂಬಿ ಅಂದಿದ್ದರೆ ಇನ್ನೂ ಕೆಟ್ಟದು.

ನವೆಂಬರ್ 23

ಮಾಶಾಬಿ ಈಗ ನನ್ನ ಕಂಪ್ಯೂಟರ್‌ನಲ್ಲೇ ಫಾರ್ಮ್ ತುಂಬುತ್ತಾಳೆ. ನಾನೇ ಕರೆದೆ. "ನಿಮ್ಮಂಥಾವರು ಇರೂದಕ್ಕ ಈ ಪರದೇಶದಾಗ ಬಾಳೇ ನಡದೈತ್ರಿ" ಎಂದು ಕಣ್ಣೊರೆಸಿಕೊಂಡಳು. ತನ್ನದೇ ನಂಬರ್ ಮೇಲೆ ಓಡುವ ಯಂತ್ರದ ಮುಂದೆ ಕೂತು ನನಗೆ ಕೈ ಮುಗಿದಳು.

ಇದಕ್ಕಿಂತ ಹೆಚ್ಚು ಇಂದು ಬರೆಯಲಾರೆ.

ನವೆಂಬರ್ 24, ಮಧ್ಯಾಹ್ನ

ನಾಳೆ ಹತ್ತಕ್ಕೆ ಶಾಲೆಯ ಕಮಿಟಿ. ಮೋತಿಲಾಲನ ಹೆಸರು ಹೊಡೆದುಹಾಕುವ ಠರಾವು. ಟೈಪ್ ಮಾಡಲು ನನಗೇ ಕೊಟ್ಟಿದ್ದಾರೆ. "ನಂಬಿಕೆಗೆ ಅರ್ಹರಲ್ಲದ ಕಾರಣ" — ಅಲ್ಲಿಗೆ ಬಂದು ನಿಂತೆ.

ಹೆಂಡತಿ ರುದ್ರವ್ವ ಬುತ್ತಿ ತಂದಳು. ತೆರೆಯ ಮೇಲಿನದನ್ನು ಓದಿದಳು.

"ಅಂವನ ಹೆಸರು ಹೊಡಿಯಾಕತ್ತೀರಿ?"

"ಕಮಿಟಿ ಹೊಡಿಯಾಕತ್ತೈತಿ."

"ಅವತ್ತು ಫೋನ್ ಹಿಡಕೊಂಡು ಒಂದು ಒತ್ತಿದ್ರಲ್ಲ. ಮಾಶಾಬಿ ಕಾರ್ಡ್ ನಿಮ್ಮ ತೊಡಿ ಮ್ಯಾಲ ಇತ್ತು. ಬುತ್ತಿ ತಂದಾಗ ನಾ ನೋಡೇನಿ."

ಕೀಬೋರ್ಡ್ ಬದಿಗೆ ಸರಿಸಿದೆ.

"ಬಣ್ಣ ಹಚ್ಚಿದಾಗ ಅಷ್ಟ ಖರೇ ಹೇಳ್ತೀರೇನು? ಉಣ್ರಿ. ರೊಟ್ಟಿ ಆರತಾವ."

ಉಣ್ಣಲಿಲ್ಲ. ಕಿರೀಟದ ಮಾತು ತಪ್ಪಾಗಿ ನೆನಪಿಟ್ಟಿದ್ದೆ. ಕಿರೀಟ ಒಂದೇ ಇದ್ದರೆ ಅಪ್ಪ ಒಂದೇ ದೃಶ್ಯಕ್ಕೆ ಇಬ್ಬರು ರಾಜರನ್ನು ಬಿಡುತ್ತಿರಲಿಲ್ಲ. ಒಬ್ಬ ಒಳಗೆ ಬಂದು ಕಳಚಿಕೊಟ್ಟ ಮೇಲೇ ಇನ್ನೊಬ್ಬ ರಂಗಕ್ಕೆ ಹೋಗುವುದು. ನಾನು ಕಳಚಲೂ ಇಲ್ಲ. ಬರಿದಲೆಯವಳ ಪರವಾಗಿ ಭಾಷಣ ಬೇರೆ ಮಾಡಿದೆ.

ಸಂಜೆ 6

ಠರಾವು ಅಳಿಸಿದೆ. ಪ್ಲಗ್ ಕಿತ್ತೆ. ವೈರು ಸುತ್ತಿಟ್ಟೆ.

ಮಹಾಜನರೇ, ನಾಳೆ ಬೆಳಿಗ್ಗೆ ಎಂಟಕ್ಕೆ, ಮೋತಿಲಾಲ ಶಟರ್ ಎತ್ತುವ ಹೊತ್ತಿಗೆ, ಈ ಸಿಪಿಯು ಹೆಗಲ ಮೇಲೆ ಹೊತ್ತು ಅವನ ಅಂಗಡಿಗೆ ಹೋಗುತ್ತೇನೆ. ಮಾಶಾಬಿಯನ್ನು ಕರೆಯುತ್ತೇನೆ. ಅವತ್ತು ಚಪ್ಪಾಳೆ ತಟ್ಟಿದವರನ್ನೂ ಕರೆಯುತ್ತೇನೆ. ಇದರೊಳಗಿನದನ್ನು ನಿನ್ನ ಕೈಯಿಂದಲೇ ಅಳಿಸಿ, ಅವಳ ನಂಬರ್ ಅವಳಿಗೆ ಬಿಡಿಸಿಕೊಡು ಎನ್ನುತ್ತೇನೆ. ಅದಕ್ಕೂ ಮೊದಲು, ಅದೇ ಮೆಟ್ಟಿಲ ಮೇಲೆ ನಿಂತು, ಅದೇ ದನಿಯಲ್ಲಿ, ನನ್ನ ಮೊದಲ ಮಾತು — ಮಾಶಾಬಿಯ ನಂಬರ್ ಕದ್ದವನು ನಾನು.